ಮಿಗ ಮಲಗುವ ಮಟ್ಟಿಯನ್ನು ಅದರ ಪಾಡಿಗೆ ಬಿಡಿ

ನಿನ್ನೆ ರಾತ್ರಿ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಹುಡುಗ ವಿಡಿಯೋ ಹಾಕಿದ್ದ. ಅಮೆರಿಕದ ಶಿಕಾರಿಯದ್ದು. ಹಗಲು ಹೊತ್ತು ದಟ್ಟ ಪೊದೆಯೊಳಗೆ ಮಲಗುವ ಜಿಂಕೆಯನ್ನು ಹೊಡೆಯೋದು ಹೇಗೆ, ಗಾಳಿ ಯಾವ ಕಡೆಯಿಂದ ಬೀಸುವಾಗ ಎಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲ ಬಿಡಿಸಿ ಹೇಳಿದ್ದಾರೆ. ಕೆಳಗೆ ಆರೇಳು ಜನ ಹೆಬ್ಬೆರಳು ಒತ್ತಿದ್ದರು. ಒಬ್ಬ "ನಮ್ಮ ಬೆಟ್ಟದಲ್ಲೂ ಇಂಥಾ ಜಾಗ ಉಂಟಲ್ಲ" ಅಂತ ಬರೆದಿದ್ದ. ಅದನ್ನು ಓದಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಗುಂಪಿನಲ್ಲಿ ಎರಡು ಸಾಲು ಬರೆದು ಜಗಳ ಆಡುವುದಕ್ಕಿಂತ ಇಲ್ಲೇ ಪೂರ್ತಿ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ. ದಯವಿಟ್ಟು ಓದಿ, ಅದರಲ್ಲೂ ಆ ಗುಂಪಿನಲ್ಲಿರುವವರು.

ಆ ವಿಡಿಯೋದಲ್ಲಿ ಹೇಳಿದ ವಿಷಯ ಸರಿಯಾಗಿಯೇ ಇದೆ. ಜಿಂಕೆ ಜಾತಿಯ ಪ್ರಾಣಿಗಳು, ನಾವು ಮಿಗ ಅನ್ನುವಂಥವು, ನಮ್ಮ ದನದ ಹಾಗೆ ಮೆಲುಕು ಹಾಕುತ್ತವೆ. ಬಯಲಲ್ಲಿ ನಿಂತು ಗಡಿಬಿಡಿಯಲ್ಲಿ ಹೊಟ್ಟೆಗೆ ತುಂಬಿಕೊಳ್ಳುತ್ತವೆ, ಆಮೇಲೆ ಭದ್ರವಾದ ಒಂದು ಜಾಗ ಹುಡುಕಿ ಮಲಗಿ ನಿಧಾನಕ್ಕೆ ಅಗಿಯುತ್ತವೆ. ಬೆಳಗಿನ ಜಾವ ಮತ್ತು ಸಂಜೆ ಕತ್ತಲಾಗುವ ಹೊತ್ತಿಗೆ ಓಡಾಟ ಜಾಸ್ತಿ, ಹಗಲಿನ ಬಹುಪಾಲು ಮಟ್ಟಿಯೊಳಗೆ, ಅಂದರೆ ದಟ್ಟ ಪೊದೆಯೊಳಗೆ. ಮಲಗಿದಾಗಲೂ ಮೈಮರೆಯುವುದಿಲ್ಲ. ಕಿವಿ ತಿರುಗುತ್ತಲೇ ಇರುತ್ತದೆ. ಎಷ್ಟೋ ಸಲ ಗಾಳಿಗೆ ಬೆನ್ನು ಕೊಟ್ಟು ಮಲಗುತ್ತವೆ. ಹಿಂದಿನಿಂದ ಬರುವವರ ವಾಸನೆ ಗಾಳಿಯೇ ತಂದು ಕೊಡುತ್ತದೆ, ಮುಂದಿನಿಂದ ಬರುವವರನ್ನು ಕಣ್ಣು ನೋಡಿಕೊಳ್ಳುತ್ತದೆ. ಗುಡ್ಡದ ಗಾಳಿಗೂ ಒಂದು ಲೆಕ್ಕ ಇದೆ. ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ, ಸಂಜೆ ತಂಪಾದ ಮೇಲೆ ಕೆಳಗೆ ಇಳಿಯುತ್ತದೆ. ಹಗಲು ಕಡಲಿಂದ ನೆಲಕ್ಕೆ, ರಾತ್ರಿ ನೆಲದಿಂದ ಕಡಲಿಗೆ ಗಾಳಿ ತಿರುಗುವುದು ಕಾರವಾರದ ಮೀನುಗಾರರಿಗೆ ಹೇಗೆ ಗೊತ್ತೋ, ಗುಡ್ಡದ ಗಾಳಿ ತಿರುಗುವುದು ಮಿಗಕ್ಕೆ ಹಾಗೆ ಗೊತ್ತು.

ಇದನ್ನೆಲ್ಲ ನಾನು ಕಲಿತಿದ್ದು ಅಜ್ಜನಿಂದ. ಅಜ್ಜ ಶಿಕಾರಿ ಮಾಡುತ್ತಿದ್ದ, ಮುಚ್ಚಿಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುವ ಮೊದಲಿನ ಕಾಲ ಅದು. ಮನೆಯಲ್ಲಿ ಕೇಪಿನ ಕೋವಿ ಇತ್ತು. ಹಣ್ಣು ಬೀಳುವ ಮರದ ಮೇಲೆ ಮರಸು ಕೂರುತ್ತಿದ್ದರಂತೆ, ಹಳು ಸೋವುತ್ತಿದ್ದರಂತೆ, ಅಂದರೆ ಪೊದೆ ಬಡಿದು ಮಿಗವನ್ನು ಹೊರಗೆ ಓಡಿಸುತ್ತಿದ್ದರಂತೆ. ಆದರೆ ಮಲಗಿದ ಮಿಗಕ್ಕೆ ಅಜ್ಜ ಈಡು ಹಾಕುತ್ತಿರಲಿಲ್ಲ. ಮನೆಗೆ ನುಗ್ಗಿ ಹೊಡೆದ ಹಾಗೆ ಅದು, ಅನ್ನುತ್ತಿದ್ದ. ಕಾಯ್ದೆ ಬಂದ ಮೇಲೆ ಕೋವಿಯನ್ನು ಕೈಯಲ್ಲಿ ಹಿಡಿದಿದ್ದನ್ನು ನಾವು ಮೊಮ್ಮಕ್ಕಳು ಯಾರೂ ನೋಡಿಲ್ಲ. ಕಾಡಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ದರಕು (ಉದುರಿದ ಒಣ ಎಲೆ) ಗುಡಿಸಲು ಹೋದಾಗ ನಮ್ಮನ್ನೂ ಕರೆದುಕೊಂಡು ಹೋಗಿ ಹೆಜ್ಜೆ, ಹಿಕ್ಕೆ, ಕೊಂಬು ಉಜ್ಜಿದ ಮರ ತೋರಿಸುತ್ತಿದ್ದ.

ಅಜ್ಜ ತೋರಿಸಿದ ಒಂದು ಜಾಗ ನಮ್ಮ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು, ದರಕು ತರುವ ಕಾಡು) ಮೇಲ್ಗಡೆ ಇದೆ. ಸೀಗೆ ಮಟ್ಟಿ, ಕವಳಿ ಕಂಟಿ, ಮಧ್ಯೆ ನಾಲ್ಕು ವಾಟೆ ಬಿದಿರಿನ ಹಿಂಡು. ಒಟ್ಟು ಅರ್ಧ ಎಕರೆಯೂ ಇಲ್ಲ. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಮುಳ್ಳು ಅಷ್ಟೇ. ಬಗ್ಗಿ ಒಳಗೆ ನೋಡಿದರೆ ಬೇರೆಯೇ ಲೋಕ. ದರಕಿನ ಮೇಲೆ ಮೊರದಷ್ಟು ಅಗಲದ ಒಂದು ತಗ್ಗು. ಎಲೆ ಎಲ್ಲ ಒತ್ತಿ ಚಪ್ಪಟೆಯಾಗಿ, ಅಂಚು ಮಾತ್ರ ಸ್ವಲ್ಪ ಎದ್ದಿರುತ್ತದೆ. ಕಂದು ಬಣ್ಣದ ಗಿಡ್ಡ ಕೂದಲು ಅಂಟಿರುತ್ತದೆ. ಒಮ್ಮೆ ಕಾಡುಕುರಿ (ಸಣ್ಣ ಜಾತಿಯ ಜಿಂಕೆ) ಎದ್ದು ಓಡಿದ ಕೂಡಲೇ ಅಜ್ಜ ನನ್ನ ಕೈ ಹಿಡಿದು ಆ ತಗ್ಗಿನಲ್ಲಿ ಇಟ್ಟಿದ್ದ. ಹಾಸಿಗೆ ಇನ್ನೂ ಬೆಚ್ಚಗಿತ್ತು. ನನಗೆ ಆಗ ಒಂಬತ್ತು ವರ್ಷ. ಆ ಬಿಸಿ ಇವತ್ತಿಗೂ ಅಂಗೈಯಲ್ಲಿದೆ.

ಚಳಿಗಾಲದಲ್ಲಿ ಹೋದರೆ ಇನ್ನೊಂದು ಕಾಣುತ್ತದೆ. ತಗ್ಗಿನ ಪಕ್ಕ ನೆಲ್ಲಿ ಬೀಜದ ಸಣ್ಣ ರಾಶಿ. ಅಲ್ಲೆಲ್ಲೂ ನೆಲ್ಲಿ ಮರ ಇಲ್ಲ, ಮರ ಇರುವುದು ಆಚೆ ಬ್ಯಾಣದಲ್ಲಿ, ಹುಲ್ಲುಗಾವಲಿನಲ್ಲಿ. ಮಿಗ ಅಲ್ಲಿ ಬಿದ್ದ ನೆಲ್ಲಿಕಾಯಿಯನ್ನು ಇಡಿಯಾಗಿ ನುಂಗಿ, ಇಲ್ಲಿ ಬಂದು ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಬಾಯಿಂದ ಉಗುಳುತ್ತದೆ. ಕಾಡಿನಲ್ಲಿ ನೆಲ್ಲಿ ಹರಡುವುದರಲ್ಲಿ ಜಿಂಕೆ, ಕಾಡುಕುರಿ, ಬರ್ಕ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿ, ಇವುಗಳ ಪಾಲು ದೊಡ್ಡದು. ನಾವು ಉಪ್ಪಿನಕಾಯಿ ಹಾಕುವ ಬೆಟ್ಟದ ನೆಲ್ಲಿ ಯಾರೋ ನೆಟ್ಟಿದ್ದಲ್ಲ ಅಲ್ವಾ?

ಈಗ ಆ ವಿಡಿಯೋಗೆ ಬರುತ್ತೇನೆ. ಅಮೆರಿಕದಲ್ಲಿ ಅವರು ಹೊಡೆಯುವುದು ಬಿಳಿಬಾಲದ ಜಿಂಕೆ. 20ನೇ ಶತಮಾನದ ಶುರುವಿನಲ್ಲಿ ಅವು ಅಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದವು, ಈಗ ಕೋಟಿಗಟ್ಟಲೆ ಇವೆ. ತೋಳ ಹೆಚ್ಚಿನ ಕಡೆ ಇಲ್ಲ. ಹೆಣ್ಣು ಜಿಂಕೆ ಒಳ್ಳೆಯ ಮೇವು ಸಿಕ್ಕಿದರೆ ಸಾಮಾನ್ಯವಾಗಿ ಅವಳಿ ಮರಿ ಹಾಕುತ್ತದೆ. ಲೈಸೆನ್ಸ್ ಇರಬೇಕು, ಬೇಟೆಗೆ ಇಂತಿಷ್ಟೇ ದಿನ ಅಂತ ಸೀಸನ್ ಇದೆ, ಒಬ್ಬರಿಗೆ ಇಷ್ಟೇ ಅಂತ ಲೆಕ್ಕ ಇದೆ. ರಾತ್ರಿ ಲೈಟು ಬಿಟ್ಟು ಜಿಂಕೆ ಹೊಡೆಯುವುದು ಅಲ್ಲಿಯೂ ಹೆಚ್ಚಿನ ರಾಜ್ಯಗಳಲ್ಲಿ ಅಪರಾಧ. 1937ರಿಂದ ಅಲ್ಲಿ ಬಂದೂಕು, ಮದ್ದುಗುಂಡಿನ ಮೇಲೆ ಹಾಕುವ ತೆರಿಗೆಯ ಹಣ ವನ್ಯಜೀವಿಗಳ ಕೆಲಸಕ್ಕೇ ಹೋಗುತ್ತದೆ. ಇಷ್ಟೆಲ್ಲ ಇದ್ದೂ ಅಲ್ಲಿನ ಪಳಗಿದ ಶಿಕಾರಿಗಳು ಮಲಗುವ ಪೊದೆಯ ಒಳಗೆ ಕಾಲಿಡಬೇಡಿ ಅನ್ನುತ್ತಾರೆ. ಒಂದು ಸಲ ಎಬ್ಬಿಸಿದರೆ ಜಿಂಕೆ ಆ ಜಾಗವನ್ನೇ ಬಿಟ್ಟುಬಿಡಬಹುದು ಅಂತ. ಮಲಗುವ ಜಾಗಕ್ಕೂ ಮೇವಿನ ಜಾಗಕ್ಕೂ ಮಧ್ಯೆ, ದೂರದಲ್ಲಿ, ಗಾಳಿಗೆ ಎದುರಾಗಿ ಕೂರುತ್ತಾರೆ.

ನಮ್ಮಲ್ಲಿ ಏನಿದೆ? ಕಡವೆ ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಕಾಡುಕುರಿಯೂ ಹೆಚ್ಚಾಗಿ ಒಂದೇ. ಅದರ ಮೇಲೆ ಹುಲಿ ಇದೆ, ಚಿರತೆ ಇದೆ, ಕೆನ್ನಾಯಿ ಹಿಂಡು ಇದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹುಲಿ ತಿನ್ನುವುದು ಇದೇ ಕಡವೆ, ಇದೇ ಜಿಂಕೆ. ಅವು ಸಿಗದಿದ್ದರೆ ಚಿರತೆ ಕೊಟ್ಟಿಗೆಗೆ ಬರುತ್ತದೆ, ಅಂಗಳದ ನಾಯಿ ಎತ್ತಿಕೊಂಡು ಹೋಗುತ್ತದೆ. ಆಗ ನಾವೇ ಬೋನು ಇಡಿ ಅಂತ ಫೋನ್ ಮಾಡುತ್ತೇವೆ.

ಕಾನೂನಿನ ವಿಷಯದಲ್ಲಿ ಹುಡುಗರಿಗೆ ಒಂದು ತಪ್ಪು ತಿಳುವಳಿಕೆ ಇದೆ. ಪ್ರಾಣಿ ಸತ್ತರೆ ಮಾತ್ರ ಕೇಸು ಅಂದುಕೊಂಡಿದ್ದಾರೆ. ಹಾಗಿಲ್ಲ. ನಮ್ಮ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು, ಹಿಡಿಯುವುದು, ಉರುಳು ಹಾಕುವುದು, ಸೋವುವುದು, ಆಸೆ ತೋರಿಸಿ ಕರೆಯುವುದು, ಇದೆಲ್ಲವೂ ಸೇರುತ್ತದೆ. ಇದಕ್ಕೆ ಪ್ರಯತ್ನ ಪಟ್ಟರೂ ಬೇಟೆಯೇ. ಸಿಕ್ಕಿಬಿದ್ದರೆ ಜೈಲು. ಮಟ್ಟಿಗೆ ನಾಯಿ ಬಿಟ್ಟು "ಸುಮ್ನೆ ನೋಡ್ತಿದ್ವಿ" ಅಂದರೆ ಯಾರೂ ಕೇಳುವುದಿಲ್ಲ.

ಆದರೆ ನಾನು ಇಷ್ಟು ಬರೆಯುವುದಕ್ಕೆ ಕಾಯ್ದೆ ಕಾರಣ ಅಲ್ಲ. ಕಾರಣ ಹೋದ ವರ್ಷದ್ದು. ಸಂಕ್ರಾಂತಿ ಮುಗಿದ ವಾರ. ಬೆಳಿಗ್ಗೆ ಎಂಟರ ಸುಮಾರಿಗೆ ತೋಟದಲ್ಲಿದ್ದೆ, ಮೇಲಿನಿಂದ ನಾಯಿ ಬೊಗಳಿದ ಹಾಗೆ ಸದ್ದು. ಕಾಡುಕುರಿ ಕೂಗು ಗೊತ್ತಿದ್ದವರಿಗೆ ಗೊತ್ತು, ಹಾಗೆಯೇ ಇರುತ್ತದೆ. ಮೊದಲು ಚಿರತೆ ಕಂಡಿರಬೇಕು ಅಂದುಕೊಂಡೆ. ಸದ್ದು ಒಂದೇ ಕಡೆಯಿಂದ ಬರುತ್ತಿತ್ತು, ಆಮೇಲೆ ಅದು ಕೂಗು ಹೋಗಿ ಕೀರಲು ಆಯಿತು. ಓಡಿದೆ.

ಸೀಗೆ ಮಟ್ಟಿಯ ಬಾಯಿಯಲ್ಲಿ, ಅದು ದಿನಾ ಹೊಕ್ಕು ಹೊರಡುವ ಕಿಂಡಿಯಲ್ಲಿ, ಬೈಕಿನ ಬ್ರೇಕ್ ಕೇಬಲ್ಲಿನ ಉರುಳು. ಹಿಂಗಾಲು ಸಿಕ್ಕಿತ್ತು. ಸುತ್ತ ನೆಲ ಎಲ್ಲ ವೃತ್ತಾಕಾರಕ್ಕೆ ಕೆದರಿ ಮಣ್ಣು ಮೇಲೆ ಬಂದಿತ್ತು. ರಾತ್ರಿಯಿಡೀ ಸುತ್ತಿರಬೇಕು. ಕೇಬಲ್ ಚರ್ಮ ಕೊಯ್ದು ಎಲುಬಿಗೆ ಹೋಗಿತ್ತು. ಹತ್ತಿರ ಹೋದಷ್ಟೂ ಎಳೆಯುತ್ತಿತ್ತು, ಹಾಗಾಗಿ ದೂರ ನಿಂತು ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆ. ಅವರು ಬೇಗನೇ ಬಂದರು. ಕೇಬಲ್ ಕತ್ತರಿಸಿದರು. ಜೀಪಿನವರೆಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಸತ್ತಿತು. ಹೆಣ್ಣು. ಕೆಚ್ಚಲಲ್ಲಿ ಹಾಲಿತ್ತು.

ಹಾಲಿತ್ತು ಅಂದರೆ ಮರಿ ಇದೆ. ಮರಿಯನ್ನು ತಾಯಿ ಮಟ್ಟಿಯೊಳಗೆ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಮರಿ ಕದಲದೆ ಬಿದ್ದುಕೊಂಡಿರುತ್ತದೆ. ನಾವು ನಾಲ್ಕು ಜನ ಎರಡು ತಾಸು ಮುಳ್ಳಿನಲ್ಲಿ ತೆವಳಿ ಹುಡುಕಿದೆವು. ಸಿಗಲಿಲ್ಲ. ಮಾರನೇ ದಿನವೂ ಹೋದೆ, ಅದರ ಮಾರನೇ ದಿನವೂ. ಸಿಗಲಿಲ್ಲ.

(ಇಲ್ಲೇ ಒಂದು ಮಾತು ಸೇರಿಸುತ್ತೇನೆ. ಕಾಡಿನಲ್ಲಿ ಒಂಟಿ ಮರಿ ಕಂಡರೆ "ಪಾಪ, ತಾಯಿ ಬಿಟ್ಟು ಹೋಗಿದೆ" ಅಂತ ಮನೆಗೆ ತರಬೇಡಿ. ಹೆಚ್ಚಿನ ಸಲ ತಾಯಿ ಅಲ್ಲೇ ಹತ್ತಿರದಲ್ಲಿ ಇರುತ್ತದೆ. ತಾಯಿ ಸತ್ತಿದ್ದು ಖಾತ್ರಿ ಇದ್ದರೆ ಇಲಾಖೆಗೆ ತಿಳಿಸಿ.)

ಉರುಳು ಹಾಕಿದವನು ಯಾರು ಅಂತ ನನಗೆ ಗೊತ್ತಾಗಲಿಲ್ಲ, ಗೊತ್ತಾಗಿದ್ದರೂ ಇಲ್ಲಿ ಹೆಸರು ಬರೆಯುತ್ತಿರಲಿಲ್ಲ. ಆದರೆ ಒಂದು ಖಂಡಿತ. ಅವನಿಗೆ ಆ ಕಿಂಡಿ ಗೊತ್ತಿತ್ತು. ಮಿಗ ಎಲ್ಲಿ ಮಲಗುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಅಂತ ದಿನಗಟ್ಟಲೆ ನೋಡಿ ತಿಳಿದುಕೊಂಡವನು. ಅಜ್ಜನಿಗೆ ಇದ್ದ ಅದೇ ತಿಳುವಳಿಕೆ. ನನಗೆ ಸಿಟ್ಟು ಬರುವುದು ಇಲ್ಲಿ. ಕಾಡನ್ನು ಇಷ್ಟು ಹತ್ತಿರದಿಂದ ಓದಬಲ್ಲ ಹುಡುಗ ಈ ಕಾಲದಲ್ಲಿ ಎಷ್ಟು ಜನ ಇದ್ದಾರೆ? ಅಂಥವನು ಆ ಓದನ್ನು ಎರಡು ಕೆಜಿ ಮಾಂಸಕ್ಕೆ ಮಾರಿಕೊಂಡ.

ಬೆಳೆ ಹಾನಿಯ ಮಾತು ಬರುತ್ತದೆ, ಬರಲೇಬೇಕು. ನಾನೂ ತೋಟದವನು. ಕಡವೆ ಬಂದು ಅಡಿಕೆ ಸಸಿ ಚಿವುಟಿ ಹೋದಾಗ ಹೊಟ್ಟೆ ಉರಿಯುತ್ತದೆ. ಬತ್ತದ ಗದ್ದೆಗೆ ಹಂದಿ ನುಗ್ಗಿದರೆ ಒಂದು ರಾತ್ರಿಯಲ್ಲಿ ವರ್ಷದ ಅನ್ನ ಹೋಗುತ್ತದೆ. ಪರಿಹಾರಕ್ಕೆ ಅರ್ಜಿ ಹಾಕಿ, ಬೇಲಿ ಗಟ್ಟಿ ಮಾಡಿ, ಗದ್ದೆ ಕಾಯಿರಿ, ಇದಕ್ಕೆಲ್ಲ ನಾನೂ ಜೊತೆಗಿದ್ದೇನೆ. ಆದರೆ ಮಲಗುವ ಮಟ್ಟಿಗೆ ಹೋಗಿ ಉರುಳು ಹಾಕುವುದಕ್ಕೂ ಬೆಳೆ ಕಾಯುವುದಕ್ಕೂ ಸಂಬಂಧ ಇಲ್ಲ. ಆ ಕಾಡುಕುರಿ ನಮ್ಮ ತೋಟಕ್ಕೆ ಒಂದು ದಿನ ಇಳಿದಿದ್ದಿಲ್ಲ.

ಬ್ಯಾಟರಿ ಕಟ್ಟಿಕೊಂಡು ರಾತ್ರಿ ಹೋಗುವವರಿಗೂ ಹೇಳುತ್ತೇನೆ. ದಟ್ಟ ಮಟ್ಟಿಯಲ್ಲಿ ಎರಡು ಕಣ್ಣು ಹೊಳೆದರೆ, ಎಲೆ ಅಲುಗಿದರೆ, ಈಡು ಹಾಕುವವನಿಗೆ ಅದರ ಹಿಂದೆ ಏನಿದೆ ಅಂತ ಗೊತ್ತಿರುವುದಿಲ್ಲ. ಹಂದಿ ಅಂದುಕೊಂಡು ಜೊತೆಗೆ ಬಂದವನಿಗೇ ಗುಂಡು ತಗುಲಿದ ಸುದ್ದಿ ಮಲೆನಾಡಿನಲ್ಲಿ ಮತ್ತೆ ಮತ್ತೆ ಕೇಳುತ್ತೇವೆ. ಸೊಪ್ಪು ಕಡಿಯಲು, ಜೇನು ಹುಡುಕಲು, ಉಪ್ಪಾಗೆ ಹಣ್ಣು ಆರಿಸಲು ನಮ್ಮವರೇ ಆ ಮಟ್ಟಿಗಳ ಸುತ್ತ ಓಡಾಡುತ್ತಾರೆ.

ಇನ್ನೊಂದು, ಇದು ಕೋವಿ ಹಿಡಿಯದ ನಮ್ಮಂಥವರಿಗೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಸವಲತ್ತು ಅನುಭವಿಸಿಕೊಂಡು ಬಂದವರು ನಾವು. ಈಗ ಬ್ರಷ್ ಕಟರ್ ಬಂದಿದೆ. ದರಕು ಗುಡಿಸಲು ಸಲೀಸಾಗಲಿ ಅಂತ ಮುಳ್ಳು, ಬಳ್ಳಿ, ಸಣ್ಣ ಸಸಿ ಎಲ್ಲ ಬೋಳಿಸುತ್ತೇವೆ. ಬೆಟ್ಟ "ಕ್ಲೀನ್" ಆಯ್ತು ಅನ್ನುತ್ತೇವೆ. ದೊಡ್ಡ ಮರ ಉಳಿದರೆ ಕಾಡು ಉಳಿಯಿತು ಅಂತ ನಮ್ಮ ಲೆಕ್ಕ. ಮಿಗಕ್ಕೆ ಬೇಕಾದ್ದು ಮೊಣಕಾಲಿಂದ ಎದೆಯವರೆಗಿನ ಎತ್ತರದ ಕಾಡು. ಮಲಗಿದಾಗ ಮೈ ಮುಚ್ಚುವಂಥದ್ದು. ಅದನ್ನೇ ನಾವು ಕಸ ಅಂತ ಕರೆಯುತ್ತೇವೆ. ಕರಾವಳಿ ಕಡೆ ಅಕೇಶಿಯಾ ನೆಡುತೋಪಿನ ಒಳಗೆ ಹೋಗಿ ನೋಡಿ, ಮರ ಸಾಲಾಗಿ ಇದೆ, ಕೆಳಗೆ ಬರೀ ಒಣ ಎಲೆ. ಅಲ್ಲಿ ಏನು ಮಲಗುತ್ತದೆ?

ಹಾಗಾಗಿ ಬೆಟ್ಟ ಇರುವವರಿಗೆ ನನ್ನ ಬೇಡಿಕೆ ಇಷ್ಟೇ. ಒಂದು ಮೂಲೆಯ ಮಟ್ಟಿಯನ್ನು ಮುಟ್ಟಬೇಡಿ. ನೀರಿಗೆ ಹತ್ತಿರದ ಮೂಲೆ ಆದರೆ ಒಳ್ಳೆಯದು. ಅಲ್ಲಿಗೆ ನಾಯಿ ಬಿಡಬೇಡಿ, ಬೇಸಿಗೆಯಲ್ಲಿ ಬೆಂಕಿ ಹೋಗದ ಹಾಗೆ ಸುತ್ತ ದರಕು ಗುಡಿಸಿ. ವಾರಕ್ಕೊಂದು ಸಲ ಅಂಚಿನಲ್ಲಿ ನಡೆದು ಕಿಂಡಿಗಳಲ್ಲಿ ಕೇಬಲ್, ತಂತಿ ಇದೆಯಾ ನೋಡಿ. ಕಂಡರೆ ಫೋಟೋ ತೆಗೆದು ಇಲಾಖೆಗೆ ಹೇಳಿ. ವಿಡಿಯೋ ಹಾಕಿದ ತಮ್ಮಾ, ನಿನಗೂ ಹೇಳುತ್ತೇನೆ. ಗಾಳಿ ನೋಡುವುದು, ಹೆಜ್ಜೆ ಓದುವುದು ನಿನಗೆ ಇಷ್ಟ ಇದ್ದರೆ ಬಾ. ಬೆಳಗಿನ ಜಾವ ಬ್ಯಾಣದ ಅಂಚಿನಲ್ಲಿ ಇಬ್ಬರೂ ಕೂರೋಣ. ನೆಲ್ಲಿ ಮರದ ಕೆಳಗೆ ಬರುತ್ತವೆ. ಕೈಯಲ್ಲಿ ಏನೂ ಬೇಡ.

ಮೊನ್ನೆ ಬ್ರಷ್ ಕಟರಿನವರು ಬಂದಿದ್ದರು. ಎಲ್ಲಿವರೆಗೆ ಹೊಡೆಯಬೇಕು ಅಂತ ಕೇಳಿದರು. ಸೀಗೆ ಮಟ್ಟಿಗೆ ಇಪ್ಪತ್ತು ಹೆಜ್ಜೆ ಈಚೆ ಇರುವ ಮತ್ತಿ ಮರಕ್ಕೆ ಹಳೆಯ ಕೆಂಪು ಪಂಚೆಯ ತುಂಡು ಕಟ್ಟಿ, ಇದರಿಂದ ಆಚೆ ಬೇಡ ಅಂದೆ. ಮಟ್ಟಿಯೊಳಗೆ ನಾನು ಬಗ್ಗಿ ನೋಡಲಿಲ್ಲ. ಕಿಂಡಿಯ ಹತ್ತಿರದ ಮಣ್ಣಿನಲ್ಲಿ ಸಣ್ಣ ಗೊರಸಿನ ಗುರುತು ಎರಡು ಇದ್ದವು, ಅಷ್ಟು ನೋಡಿಕೊಂಡು ಇಳಿದು ಬಂದೆ.