ಟ್ರೆಬಲ್ ತಕರಾರು

ನಮ್ಮನೆ ಸ್ಪೀಕರಿನಲ್ಲಿ ಚೂಪು ಸದ್ದನ್ನು ಏರಿಸುವ, ಇಳಿಸುವ ಟ್ರೆಬಲ್ ಗುಂಡಿಗೆ ಪುರುಸೊತ್ತೇ ಇಲ್ಲ. ಮಾವನವರು ಬಂದು ಕೂತರೆ ಬಲಕ್ಕೆ, ಮಗಳು ಬಂದರೆ ಎಡಕ್ಕೆ. "ಏನಮ್ಮಾ ಇದು, ಸಾಹಿತ್ಯವೇ ತಿಳಿಯಲ್ಲ" ಅಂತ ಅವರು. "ತಾತಾ, ಕಿವಿ ಚುಚ್ಚುತ್ತೆ" ಅಂತ ಅವಳು. ಇಬ್ಬರೂ ಹೇಳುವುದು ನಿಜ.

ಎಳೆಯ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗೂ ಕೇಳಿಸುತ್ತದೆ. ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ; ಅದು ಹೆಚ್ಚಿದಷ್ಟೂ ಸದ್ದು ಚೂಪು. ವಯಸ್ಸಾದಂತೆ ಕೇಳಿಸುವ ಶಕ್ತಿ ಮೇಲಿನಿಂದ ಸವೆಯುತ್ತ ಬರುತ್ತದೆ. ಗೆಜ್ಜೆಯ ಝಣಝಣ, 'ಸ'ಕಾರ 'ಶ'ಕಾರದ ಹರಿತ ಮೊದಲು ಕೈಕೊಡುತ್ತವೆ. ಸದ್ದಿನ ಕಾರ್ಖಾನೆಯಲ್ಲಿ ದುಡಿದವರಿಗಾದರೆ 4,000 ಹರ್ಟ್ಸ್ ಆಸುಪಾಸಿನಲ್ಲೇ ಒಂದು ಹಳ್ಳ ಬಿದ್ದಿರುತ್ತದೆ.

ಮಾವನವರ ಕಿವಿ ಪರೀಕ್ಷೆಗೆ ನಾನೂ ಹೋಗಿದ್ದೆ. ಸದ್ದು ನುಸುಳದ ಪುಟ್ಟ ಕೋಣೆ, ಗಾಜಿನ ಕಿಟಕಿ, ತಲೆಗೆ ಹೆಡ್‌ಫೋನ್, ಕೈಗೊಂದು ಬಟನ್. ಕುಂಯ್ ಅಂದಾಗ ಒತ್ತಬೇಕು. ಸ್ವಲ್ಪ ಹೊತ್ತಾದರೆ ಕೇಳಿಸಿತೋ, ಕೇಳಿಸಿದ ಹಾಗಾಯಿತೋ ಗೊತ್ತಾಗುವುದಿಲ್ಲವಂತೆ. ಅವರು ಧಾರಾಳವಾಗಿಯೇ ಒತ್ತಿದರು. ಆದರೂ ಚೀಟಿಯ ನಕ್ಷೆಯಲ್ಲಿ, ಸದ್ದು ಚೂಪಾದಂತೆಲ್ಲ, ಬಲಗಿವಿಯ ಕೆಂಪು ಸೊನ್ನೆಗಳು, ಎಡಗಿವಿಯ ನೀಲಿ ಇಂಟು ಗುರುತುಗಳು ಜೊತೆಜೊತೆಯಾಗಿ ಚಾಮುಂಡಿ ಬೆಟ್ಟ ಇಳಿದಿದ್ದವು.

ಹಾಗಂತ 'ಅವರವರ ಕಿವಿ, ಅವರವರ ಸ್ಪೀಕರ್' ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ. ಎದುರಿಗೇ ಕೂತು ವೀಣೆ ಕೇಳುವಾಗಲೂ ಇದೇ ಕಿವಿ ತಾನೆ? ಅಸಲಿಯೂ ನಕಲಿಯೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ. ನಕಲಿ ಅಸಲಿನ ಹಾಗಿದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ. ಮೈಕಿಲ್ಲದ ಬೈಠಕ್ಕಿನಲ್ಲಿ ವೈಣಿಕರಿಗೆ "ಸ್ವಲ್ಪ ಟ್ರೆಬಲ್ ಜಾಸ್ತಿ ಮಾಡಿ" ಅಂತ ಮಾವನವರು ಕೇಳಿದ್ದನ್ನು ನಾನಂತೂ ನೋಡಿಲ್ಲ.

ಫ್ಲಾಯ್ಡ್ ಟೂಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯಲ್ಲಿ ಇದನ್ನೇ ಕೆದಕಿದರು. ಬ್ರ್ಯಾಂಡು, ಬೆಲೆ ಕಾಣದ ಹಾಗೆ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಜನರಿಂದ ಅಂಕ ಹಾಕಿಸಿದರು. ಕಿವಿ ನೆಟ್ಟಗಿದ್ದವರ ಅಂಕಗಳು ಹೆಚ್ಚುಕಮ್ಮಿ ತಾಳೆಯಾದವು. ಕಿವಿ ಮಂದವಾದವರದ್ದು ಒಬ್ಬೊಬ್ಬರದು ಒಂದೊಂದು ದಿಕ್ಕು. ಸಾಲದ್ದಕ್ಕೆ, ಇವತ್ತು ಕೊಟ್ಟ ಅಂಕಕ್ಕೂ ಅದೇ ಸ್ಪೀಕರಿಗೆ ಇನ್ನೊಂದು ಸಲ ಕೊಟ್ಟ ಅಂಕಕ್ಕೂ ಹೊಂದಿಕೆಯಿಲ್ಲ. ವರ್ಷಗಟ್ಟಲೆ ಜೋರು ಸದ್ದಿನಲ್ಲೇ ಪಳಗಿದ 'ಅನುಭವಿ ಕಿವಿ'ಯನ್ನು ಸುಮ್ನೆ ನಂಬುವ ಹಾಗಿಲ್ಲ, ಅಲ್ವಾ? ತಮಗೇ ವಯಸ್ಸಾದ ಮೇಲೆ ಟೂಲ್ ಅಂಕ ಹಾಕುವ ಕುರ್ಚಿಯಿಂದ ಎದ್ದುಬಿಟ್ಟರು.

ಸ್ಪೀಕರಿಗೆ ನಕ್ಷತ್ರ ಹಂಚುವ ನಮ್ಮ ವಿಮರ್ಶಕರೂ ಪಕ್ಕದಲ್ಲಿ ತಮ್ಮ ಕಿವಿ ಪರೀಕ್ಷೆಯ ಚೀಟಿಯನ್ನು ಅಂಟಿಸಲಿ. ನಾನು ಮೊದಲು ಅದನ್ನೇ ಓದುತ್ತೇನೆ.