ಹಂಚಿನ ಅಡಿಮೈಯ ನಾಲ್ಕು ಬೆರಳು

ಕಳೆದ ತಿಂಗಳು ನಮ್ಮ ದೊಡ್ಡಮ್ಮನ ಮನೆ ಕೆಡವಿದರು. ಜೆಸಿಬಿ ಬರುವ ಮುಂಚೆ ಆಳುಗಳು ಮಾಡು ಹತ್ತಿ ಹಂಚು ಇಳಿಸುತ್ತಿದ್ದರು. ಮೇಲಿದ್ದವನು ಎರಡೆರಡು ಹಂಚು ಕೊಡುವುದು, ಏಣಿಯ ಮೇಲಿದ್ದವನು ಹಿಡಿದು ಕೆಳಗೆ ದಾಟಿಸುವುದು. ಒಂದನ್ನು ಕೈಗೆತ್ತಿಕೊಂಡು ಮಗುಚಿ ನೋಡಿದೆ. "ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865" ಎಂಬ ಇಂಗ್ಲಿಷ್ ಅಚ್ಚು. ಸಣ್ಣವನಿದ್ದಾಗ ಚಾವಡಿಯಲ್ಲಿ ಅಂಗಾತ ಮಲಗಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಕಲಿತದ್ದೇ ಈ ಅಚ್ಚಿನಿಂದ. ಆದರೆ ಅದರ ಪಕ್ಕದಲ್ಲಿ ಇದ್ದದ್ದನ್ನು ಕೆಳಗೆ ಮಲಗಿ ಯಾವತ್ತೂ ಕಂಡಿರಲಿಲ್ಲ. ನಾಲ್ಕು ಬೆರಳಿನ ಗುರುತು. ಹಸಿ ಮಣ್ಣನ್ನು ಅಚ್ಚಿನಿಂದ ಎತ್ತುವಾಗ ಯಾರದೋ ಕೈ ಒತ್ತಿದ್ದು. ನನ್ನ ಬೆರಳು ಇಟ್ಟು ನೋಡಿದೆ, ಹಿಡಿಸಲಿಲ್ಲ. ಆ ಕೈ ನನ್ನದಕ್ಕಿಂತ ಸಣ್ಣದು.

ನನ್ನ ಅಜ್ಜಿ ನೇತ್ರಾವತಿ ದಡದ ಒಂದು ಹಂಚಿನ ಕಾರ್ಖಾನೆಯಲ್ಲಿ ಅಂಚು ಕೆರೆಯುವ ಕೆಲಸ ಮಾಡುತ್ತಿದ್ದರು. ಪ್ರೆಸ್ಸಿನಿಂದ ಬಂದ ಹಸಿ ಹಂಚಿನ ಸುತ್ತ ಹೆಚ್ಚಿಗೆ ಉಳಿದ ಮಣ್ಣನ್ನು ಸವರಿ ತೆಗೆದು, ಒಣಗಲು ಹಲಗೆಯ ಮೇಲೆ ಜೋಡಿಸುವುದು. ಬೆಳಗ್ಗೆ ಫ್ಯಾಕ್ಟ್ರಿ ಕೂಗಿದರೆ ಒಲೆ ಮೇಲಿನ ಗಂಜಿಯನ್ನು ಹಾಗೇ ಬಿಟ್ಟು ಓಡಬೇಕಿತ್ತಂತೆ. ಮುದುಕಿಯಾದ ಮೇಲೂ ಅವರ ಉಗುರಿನ ಸಂದಿಯಲ್ಲಿ ಕೆಂಪು ಇತ್ತು ಎಂದು ಅಮ್ಮ ಈಗಲೂ ಹೇಳುತ್ತಾರೆ. ಅಜ್ಜಿಯ ಫೋಟೋ ಎಂದು ಒಂದೂ ಇಲ್ಲ. ಕಾರ್ಖಾನೆ ಇದ್ದ ಜಾಗದಲ್ಲಿ ಈಗ ವಸತಿ ಸಮುಚ್ಚಯ.

ಮಂಗಳೂರಿನ ಕೈಗಾರಿಕೆಯ ಕತೆ ಹಂಚಿನಿಂದ ಶುರುವಾದದ್ದಲ್ಲ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದರು. ಅವರ ಮಾತು ಕೇಳಿ ಮತಾಂತರವಾದವರಿಗೆ ಮನೆಯಿಲ್ಲ, ಜಾತಿಯ ಕಸುಬೂ ಇಲ್ಲ ಎಂಬಂತಾಯಿತು. ಅವರಿಗೆ ಹೊಟ್ಟೆಪಾಡಿನ ದಾರಿ ಹುಡುಕುತ್ತಾ ಹೋದಂತೆ ಕೆಲಸಗಳು ಹುಟ್ಟಿದವು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ. ಎರಡು ವರ್ಷದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಅಚ್ಚಾಗಿದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಹೊರಬಂದದ್ದು ಅವರ ಅಚ್ಚುಕೂಟದಿಂದಲೇ. 1851ರಲ್ಲಿ ಹಾಲರ್ ಎಂಬವರ ಕೈಕೆಳಗೆ ನೇಯ್ಗೆ. 1865ರಲ್ಲಿ ಜೆಪ್ಪುವಿನ ಬಳಿ, ಹೊಳೆಯ ದಡದಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಶುರುಮಾಡಿದ ಹಂಚಿನ ಕಾರ್ಖಾನೆ. 1874ರಲ್ಲಿ ಕಬ್ಬಿಣದ ಕೆಲಸದ ವರ್ಕ್‌ಶಾಪ್. ಮಣ್ಣು, ನೂಲು, ಕಬ್ಬಿಣ, ಅಕ್ಷರ, ನಾಲ್ಕೂ ಒಂದೇ ಊರಿನಲ್ಲಿ, ಅರ್ಧ ಶತಮಾನದ ಒಳಗೆ.

ಖಾಕಿ ಹುಟ್ಟಿದ್ದು ಮಂಗಳೂರಿನ ಬಲ್ಮಠದ ಮಿಷನ್ ಮಗ್ಗದಲ್ಲಿ ಎಂದು ನಮ್ಮಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ, ಈಗ ಬಿಟ್ಟಿದ್ದೇನೆ. ವಾಯವ್ಯ ಗಡಿಯಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು. ಇಲ್ಲಿ ಹಾಲರ್ ಬಣ್ಣ ಹಾಕಿಸಿದ ಬಟ್ಟೆಗೆ ಬೇಡಿಕೆ ಬಂದದ್ದೇ ದೊಡ್ಡ ಮಾತು. ನಮ್ಮ ಚರಿತ್ರೆಗೆ ಒಗ್ಗರಣೆ ಬೇಕಿಲ್ಲ.

ಹಂಚಿನ ವಿಷಯದಲ್ಲೂ ಹಾಗೆಯೇ. ಒಂದರ ತುಟಿ ಇನ್ನೊಂದರ ಚಡಿಯಲ್ಲಿ ಕೂತು ಬಿಗಿಯುವ ಈ ವಿನ್ಯಾಸದ ಮೂಲ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ ಜಿಲಾರ್ಡೋನಿ ಸೋದರರದು, 1841ರದು. ಆದರೆ ಅದು ಮಂಗಳೂರು ಹಂಚು ಆದದ್ದು ನಮ್ಮ ಆವೆಮಣ್ಣಿನಿಂದ, ನಮ್ಮ ಹೊಳೆಯಿಂದ, ನಮ್ಮ ಜನರಿಂದ. ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದಿಂದ ದೋಣಿಯಲ್ಲಿ ಮಣ್ಣು ಬರುತ್ತಿತ್ತು. ಸುಟ್ಟ ಹಂಚು ಬಂದರಿನ ಧಕ್ಕೆಯಿಂದ ಹಡಗು ಹತ್ತಿ ಮುಂಬಯಿ, ಸಿಲೋನು, ಬರ್ಮಾ, ಪೂರ್ವ ಆಫ್ರಿಕಾದವರೆಗೆ ಹೋಗುತ್ತಿತ್ತು. ನಾಡಹಂಚನ್ನು ವರ್ಷವರ್ಷ ಮಗುಚಿ ಹೊದಿಸಬೇಕು. ಮುಳಿಹುಲ್ಲಿನ ಮಾಡಿಗೆ ಕಿಡಿ ಬಿದ್ದರೆ ಮುಗಿಯಿತು. ಈ ಹಂಚಾದರೆ ಅದನ್ನು ಹೊತ್ತ ಮರದ ಪಕ್ಕಾಸು ರೀಪು ಸರಿಯಿದ್ದರೆ ತಲೆಮಾರು ಕಳೆದರೂ ಕದಲದು. ಕರಾವಳಿಯ ಮಳೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಕಂಡಿಲ್ಲ.

ಅಂದಹಾಗೆ, ಹಂಚಿನ ಮೇಲಿನ 1865 ಕಾರ್ಖಾನೆ ಹುಟ್ಟಿದ ವರ್ಷ. ನಿಮ್ಮ ಮನೆ ಕಟ್ಟಿದ ವರ್ಷವಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡು, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಒಪ್ಪಿಸಿತು. ಅಷ್ಟರಲ್ಲಿ ಊರವರೇ ಕಟ್ಟಿದ ಕಾರ್ಖಾನೆಗಳೂ ಹೊಳೆಯ ಉದ್ದಕ್ಕೂ ಹೊಗೆ ಬಿಡುತ್ತಿದ್ದವು. ಒಬ್ಬೊಬ್ಬರದು ಒಂದೊಂದು ಅಚ್ಚು, ಒಂದೊಂದು ಗುರುತು.

ಕಾರ್ಖಾನೆಗಳು ಏಕೆ ಮುಚ್ಚಿದವು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಆರ್‌ಸಿಸಿ ತಾರಸಿ ಬಂತು, ಸೌದೆ ತುಟ್ಟಿಯಾಯಿತು, ಒಳ್ಳೆಯ ಮಣ್ಣು ಸಿಗುವುದು ಕಷ್ಟವಾಯಿತು. ಮಣ್ಣು ತೆಗೆದ ಗದ್ದೆಗಳು ಹೊಂಡವಾದವು, ಹಂಚು ಸುಡುವ ಗೂಡಿನ ಬಾಯಿಗೆ ಎಷ್ಟು ಕಾಡು ಹೋಯಿತೋ. ಅದನ್ನೂ ಒಪ್ಪಿಕೊಳ್ಳಬೇಕು. ಆ ಕಾಲವೇ ಮರಳಿ ಬರಲಿ ಎಂದು ನಾನು ಕೇಳುತ್ತಿಲ್ಲ.

ನನ್ನ ಸಂಕಟ ಬೇರೆ. ಪರಂಪರೆ ಉಳಿಸೋಣ ಎಂದವರೆಲ್ಲ ಚಿಮಣಿಯೊಂದನ್ನು ಉಳಿಸುವ ಮಾತಾಡುತ್ತಾರೆ. ಚಿಮಣಿ ಉಳಿಯಲಿ, ಬೇಡ ಎನ್ನುವುದಿಲ್ಲ. ಆದರೆ ಅದರ ಬುಡದಲ್ಲಿ ಫಲಕ ನಿಲ್ಲಿಸಿ, ಸ್ಥಾಪಕರ ಹೆಸರು ಕೆತ್ತಿ, ದೀಪ ಹಾಕಿದರೆ ಹಂಚು ಹೇಗಾಯಿತು ಎಂಬುದು ಯಾರಿಗೆ ಗೊತ್ತಾಗುತ್ತದೆ? ಮಣ್ಣನ್ನು ಎಷ್ಟು ದಿನ ಹದ ಬರಲು ಬಿಡಬೇಕು, ಹಂಚು ಬಿರಿಯದಂತೆ ಒಣಗಿಸುವುದು ಹೇಗೆ, ಗೂಡಿನಲ್ಲಿ ಹೇಗೆ ನಿಲ್ಲಿಸಬೇಕು, ಇದನ್ನೆಲ್ಲ ಚಿಮಣಿ ಹೇಳಲಾರದು. ನಮಗೆ ಬೇಕಾದದ್ದು ಒಂದು ಪ್ರೆಸ್ಸು, ಒಂದು ಗೂಡು, ವರ್ಷಕ್ಕೆ ಒಂದು ಸಲವಾದರೂ ಉರಿಯುವ ಬೆಂಕಿ. ಶಾಲೆಯ ಮಕ್ಕಳು ಹಸಿ ಮಣ್ಣು ಮುಟ್ಟಬೇಕು. ಗೋಡೆಯ ಮೇಲೆ ಕೂಲಿ ಪುಸ್ತಕದ ಹೆಸರುಗಳು ಇರಬೇಕು. ಅವುಗಳಲ್ಲಿ ಹೆಂಗಸರ ಹೆಸರು ಎಷ್ಟಿವೆ ಎಂದು ಎಣಿಸಿ ನೋಡಬೇಕು. ಆ ಪುಸ್ತಕಗಳನ್ನು ಗುಜರಿಗೆ ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕೇಳಲು ಹೋದಾಗ ಆಫೀಸಿನಲ್ಲಿದ್ದವರು "ಹಳೇ ಕಾಗದ ಇಟ್ಟು ಏನು ಮಾಡೂದು ಮಾರಾಯ್ರೆ?" ಎಂದರು. ಅದರಲ್ಲಿ ನನ್ನ ಅಜ್ಜಿಯ ಹೆಸರೂ ಇದ್ದಿರಬೇಕು.

ಅದಕ್ಕೇ ಒಂದು ಕೆಲಸಕ್ಕೆ ಕೈ ಹಾಕಿದ್ದೇನೆ. ನಿಮ್ಮ ಊರಿನಲ್ಲಿ ಹಳೆ ಮನೆ ಕೆಡವುತ್ತಿದ್ದರೆ, ಹಂಚನ್ನು ಮಗುಚಿ ಅಚ್ಚಿನ ಫೋಟೋ ತೆಗೆಯಿರಿ. ಮನೆ ಯಾವ ಊರಿನದು, ಸುಮಾರು ಯಾವಾಗ ಕಟ್ಟಿದ್ದು ಎಂದು ಬರೆದು ಕಳಿಸಿ. ಕಾರ್ಖಾನೆಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಮೊಬೈಲಿನಲ್ಲಿ ಅವರ ಮಾತು ಹಿಡಿದಿಡಿ. ತುಳುವಾದರೆ ತುಳುವಿನಲ್ಲೇ, ಕೊಂಕಣಿಯಾದರೆ ಕೊಂಕಣಿಯಲ್ಲೇ.

ನಮ್ಮ ಮನೆಯಿಂದ ನಾಲ್ಕು ಮೈಲಿ ದೂರದಲ್ಲಿ ಒಬ್ಬ ಅಜ್ಜ ಇದ್ದಾರೆ. ಗೂಡಿಗೆ ಬೆಂಕಿ ಕೊಡುತ್ತಿದ್ದವರು. ಸಣ್ಣ ಕಿಂಡಿಯಲ್ಲಿ ಇಣುಕಿ, ಒಳಗಿನ ಬಣ್ಣ ನೋಡಿ, ಹಂಚು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದರಂತೆ. ಯಾವ ಬಣ್ಣ ಎಂದು ಫೋನಿನಲ್ಲಿ ಕೇಳಿದೆ. "ಹಾಗೆಲ್ಲ ಬಾಯಲ್ಲಿ ಹೇಳ್ಲಿಕ್ಕೆ ಬರುದಿಲ್ಲ, ನೀನು ಬಾ, ಒಲೆ ಹೊತ್ತಿಸಿ ತೋರಿಸ್ತೇನೆ" ಎಂದರು. ಬರುವ ಭಾನುವಾರ ಹೋಗುತ್ತಿದ್ದೇನೆ. ದೊಡ್ಡಮ್ಮನ ಮನೆಯ ಆ ಹಂಚನ್ನೂ ಒಯ್ಯುತ್ತೇನೆ.