ಧರ್ಮದಲ್ಲಿ ಎಂ.ಎ. ಮಾಡಬಹುದು: ಒಂದು ಸ್ಪಷ್ಟನೆ

ದಾವಣಗೆರೆಯ ಡಿಗ್ರಿ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ. ‘ಸಂವಿಧಾನದ 28ನೇ ವಿಧಿ ಇರುವುದರಿಂದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಧರ್ಮದ ಬಗ್ಗೆ ಎಂ.ಎ. ಮಾಡುವಂತಿಲ್ಲ. ಮಾಡಿದರೂ ನೆಟ್ (ಕಾಲೇಜು ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯೋಕಾಗಲ್ಲ’ ಅಂತ. ಎರಡೂ ತಪ್ಪು.

28ನೇ ವಿಧಿ ತಡೆಯುವುದು ಧಾರ್ಮಿಕ ಬೋಧನೆಯನ್ನು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆ ಮಕ್ಕಳಿಗೆ ಒಂದು ಧರ್ಮದ ಆಚರಣೆ, ನಂಬಿಕೆ ಹೇರಬಾರದು ಅಷ್ಟೇ. ಧರ್ಮಗಳ ಇತಿಹಾಸ, ಗ್ರಂಥ, ವಿಚಾರ ಓದುವುದು ಬೇರೆ ವಿಷಯ. ಶಾಲಾ ಪಠ್ಯಕ್ರಮದ ಬಗ್ಗೆ ನಡೆದ 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಒಪ್ಪಿದೆ. ಚಿತ್ರದುರ್ಗದ ಕೋಟೆಯೊಳಗಿನ ಗುಡಿಗಳ ಬಗ್ಗೆ ಓದಿದವರೆಲ್ಲ ಪೂಜಾರಿಗಳಾಗಲ್ಲ, ಅಲ್ವಾ?

ಪಟಿಯಾಲಾದ ಪಂಜಾಬಿ ವಿಶ್ವವಿದ್ಯಾಲಯದಲ್ಲಿ 1967ರಿಂದಲೇ ಧರ್ಮ ಅಧ್ಯಯನ ವಿಭಾಗವಿದೆ. ಅಷ್ಟು ದೂರ ಯಾಕೆ, ಮೈಸೂರು ವಿಶ್ವವಿದ್ಯಾಲಯದಲ್ಲೇ ಜೈನಶಾಸ್ತ್ರ ಮತ್ತು ಪ್ರಾಕೃತದ ವಿಭಾಗವಿದೆ. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳೇ.

ಇನ್ನು ನೆಟ್. ಅದರಲ್ಲಿ ‘ಧರ್ಮಗಳ ತೌಲನಿಕ ಅಧ್ಯಯನ’ ಅನ್ನೋ ಪ್ರತ್ಯೇಕ ವಿಷಯವೇ ಇದೆ. ಬೌದ್ಧ, ಜೈನ, ಗಾಂಧಿ ಮತ್ತು ಶಾಂತಿ ಅಧ್ಯಯನ ಸೇರಿದ ಇನ್ನೊಂದು ವಿಷಯವೂ ಇದೆ. ಸಾಮಾನ್ಯ ವರ್ಗದವರಿಗೆ ಎಂ.ಎ.ಯಲ್ಲಿ ಶೇ. 55 ಅಂಕ ಬೇಕು. ಎಸ್‌ಸಿ, ಎಸ್‌ಟಿ, ಕೆನೆಪದರಕ್ಕೆ ಸೇರದ ಒಬಿಸಿಯವರಿಗೆ ಶೇ. 50 ಸಾಕು.

ಇಂಥ ಎಂ.ಎ. ಮಾಡಿದವರಿಗೆ ಕೆಲಸ ಜಾಸ್ತಿ ಇಲ್ಲ ಅನ್ನೋದು ಮಾತ್ರ ನಿಜ. ಈ ವಿಭಾಗಗಳು ಇರುವುದೇ ಕಡಿಮೆ. ಅದನ್ನು ಹೇಳಿದ್ದರೆ ಒಪ್ಪುತ್ತಿದ್ದೆ. ಸುಮ್ನೆ ಸಂವಿಧಾನವನ್ನು ಯಾಕೆ ಎಳೆದರೋ!